ಗಾಳಿಯನ್ನೇ ಕಾಣದ ಯಂತ್ರ

ಕೇಳುಗರಿಗೆ ನಮಸ್ಕಾರ.

ಗಾಳಿಯ ನೂರು ಕೋಟಿ ಅಣುಗಳ ನಡುವೆ ಒಂದೇ ಒಂದು ಬೆಂಜೀನ್ ಅಣು ಇದೆ ಅಂದುಕೊಳ್ಳಿ. ಅದನ್ನು ಹಿಡಿಯಬೇಕು. ಒಂದೊಂದೇ ಅಯಾನನ್ನು, ಅಂದರೆ ವಿದ್ಯುದಾವೇಶ ಪಡೆದ ಅಣುವನ್ನು, ಎಣಿಸುವ ಡಿಟೆಕ್ಟರ್‌ಗಳು ಎಂದೋ ಬಂದಿವೆ, ಹಾಗಾಗಿ ಅದು ಚಿಕ್ಕದು ಅನ್ನುವುದು ತೊಂದರೆಯಲ್ಲ. ಉಳಿದ ಅಷ್ಟೂ ಅಣುಗಳ ಗಲಾಟೆ ಅಡಗಿಸುವುದೇ ಕಷ್ಟ.

ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಅಣುಗಳನ್ನು ತೂಗುವ ಯಂತ್ರ. ತೂಗುವ ಮೊದಲು ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಅಯಾನು ಮಾಡಬೇಕು. ಸಾಮಾನ್ಯವಾಗಿ 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳಿಂದ ಹೊಡೆಯುತ್ತಾರೆ. ಆಗ ಸಿಕ್ಕಿದ್ದೆಲ್ಲ ಅಯಾನಾಗುತ್ತದೆ, ಎಷ್ಟೋ ಅಣುಗಳು ಚೂರುಚೂರಾಗುತ್ತವೆ.

ಲೇಸರ್ ಹಾಗಲ್ಲ, ಆರಿಸಿ ಹೊಡೆಯುತ್ತದೆ. ಎನ್‌ಡಿ-ಯಾಗ್ ಅನ್ನುವ ಬಗೆಯ ಲೇಸರಿನ ಬೆಳಕಿನ ತರಂಗಾಂತರ 1064 ನ್ಯಾನೋಮೀಟರ್. ತರಂಗಾಂತರ ಕಡಿಮೆಯಾದಷ್ಟೂ ಬೆಳಕಿನ ಕಣದ ಶಕ್ತಿ ಜಾಸ್ತಿ. ಅದನ್ನು ಹರಳುಗಳಲ್ಲಿ, ಆಮೇಲೆ ಕ್ಸೆನಾನ್ ಅನಿಲದಲ್ಲಿ ಹಾಯಿಸಿ 118 ನ್ಯಾನೋಮೀಟರಿಗೆ ಇಳಿಸುತ್ತಾರೆ. ಈ ಬೆಳಕಿನ ಒಂದು ಫೋಟಾನಿನ, ಅಂದರೆ ಒಂದು ಬೆಳಕಿನ ಕಣದ, ಶಕ್ತಿ ಸುಮಾರು 10.5 ಎಲೆಕ್ಟ್ರಾನ್ ವೋಲ್ಟ್. ಬೆಂಜೀನಿನಿಂದ ಎಲೆಕ್ಟ್ರಾನ್ ಕೀಳಲು 9.24 ಸಾಕು. ಆಕ್ಸಿಜನ್ನಿಗೆ 12, ನೈಟ್ರೋಜನ್ನಿಗೆ 15, ಎರಡಕ್ಕೂ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಹಾಗಾಗಿ ಗಾಳಿ ಈ ಯಂತ್ರಕ್ಕೆ ಕಾಣುವುದೇ ಇಲ್ಲ! ನೀರಾವಿಯೂ ಅಷ್ಟೆ.

ಇನ್ನೊಂದು ದಾರಿಯೂ ಇದೆ. ಮೊದಲ ಫೋಟಾನ್ ಅಣುವನ್ನು ಶಕ್ತಿಯ ಒಂದು ಮೆಟ್ಟಿಲು ಏರಿಸುತ್ತದೆ, ಎರಡನೆಯದು ಎಲೆಕ್ಟ್ರಾನ್ ಕೀಳುತ್ತದೆ. ಮೆಟ್ಟಿಲಿನ ಎತ್ತರ ಒಂದೊಂದು ಬಗೆಯ ಅಣುವಿಗೆ ಒಂದೊಂದು. ಲೇಸರಿನ ಬಣ್ಣವನ್ನು ಸರಿಯಾಗಿ ಹೊಂದಿಸಿದರೆ ಒಂದೇ ತೂಕದ ಎರಡು ಅಣುಗಳನ್ನೂ ಬೇರೆ ಮಾಡಬಹುದು.

ತೂಕದ ಕೆಲಸ ಓಟದ್ದು: ಅಯಾನುಗಳನ್ನು ಓಡಿಸಿ, ಗುರಿ ಮುಟ್ಟಲು ಹಿಡಿದ ಸಮಯದಿಂದ ತೂಕ ತಿಳಿಯುತ್ತಾರೆ. ಲೇಸರ್ ಮಿಡಿತ ಕೆಲವೇ ನ್ಯಾನೋಸೆಕೆಂಡ್, ಹಾಗಾಗಿ ಓಟ ಶುರುವಾದ ಗಳಿಗೆ ಪಕ್ಕಾ ಗೊತ್ತು. 2000 ವೋಲ್ಟ್ ತಳ್ಳಿದರೆ ಬೆಂಜೀನ್ ಅಯಾನು ಒಂದು ಮೀಟರ್ ದೂರವನ್ನು ಸುಮಾರು 14 ಮೈಕ್ರೋಸೆಕೆಂಡಿನಲ್ಲಿ ಮುಟ್ಟುತ್ತದೆ. ನಾಲ್ಕು ಪಟ್ಟು ಭಾರದ್ದಕ್ಕೆ ಎರಡು ಪಟ್ಟು ಸಮಯ.

ಇಷ್ಟು ಕೇಳಿದರೆ ಎಲ್ಲ ಲೇಸರಿನದ್ದೇ ಕೆಲಸ ಅನ್ನಿಸುತ್ತದೆ, ಅಲ್ವಾ? ನನ್ನ ಪ್ರಕಾರ ಯಂತ್ರ ಕಟ್ಟುವವರನ್ನು ಜಾಸ್ತಿ ಕಾಡುವುದು ಗಾಳಿಯನ್ನು ಒಳಗೆ ಬಿಡುವ ಸಣ್ಣ ನಳಿಕೆ. ಅದು ತಣ್ಣಗಿದ್ದರೆ ಭಾರದ ಅಣುಗಳು ದಾರಿಯಲ್ಲೇ ಅಂಟಿಕೊಳ್ಳುತ್ತವೆ. ಅದಕ್ಕೇ ಬಿಸಿ ಮಾಡಿಡಬೇಕು. ಲೇಸರಿನ ಶಕ್ತಿ ಹೆಚ್ಚಾದರಂತೂ ಅಣು ಮತ್ತೆ ಚೂರಾಗುತ್ತದೆ.

ಎರಡು ಫೋಟಾನಿನ ವಿಧಾನಕ್ಕೆ ಸುಲಭವಾಗಿ ಸಿಗದವೂ ಇವೆ. ಕಸ ಸುಡುವ ಕುಲುಮೆಯ ಹೊಗೆಯಲ್ಲಿರುವ ಡಯಾಕ್ಸಿನ್ ಅನ್ನುವ ವಿಷವಸ್ತು ಅಂಥದ್ದು. ಅದರಲ್ಲಿ ಕ್ಲೋರಿನ್ ಜಾಸ್ತಿ. ಹಾಗಾಗಿ ಅಣು ಮೆಟ್ಟಿಲಿನ ಮೇಲೆ ನಿಲ್ಲುವುದೇ ಇಲ್ಲ, ಎರಡನೆಯ ಫೋಟಾನ್ ಬರುವಷ್ಟರಲ್ಲಿ ಜಾರಿರುತ್ತದೆ. ಅದಕ್ಕೆ ಸಂಶೋಧಕರು ಬೇರೆ ಉಪಾಯ ಹುಡುಕಿದರು. ಡಯಾಕ್ಸಿನ್ ಹೆಚ್ಚಿದಾಗ ಜೊತೆಗೆ ಹೆಚ್ಚುವ ಕ್ಲೋರೋಬೆಂಜೀನನ್ನು ಅಳೆದರು. ಅದು ಲೇಸರಿಗೆ ಸಿಗುತ್ತದೆ, ಅದೂ ಹೊಗೆ ಹೋಗುತ್ತಿರುವಾಗಲೇ.