ಮೆತ್ತಗಾದ ಬ್ರೇಕ್ ಪೆಡಲ್

ಕೇಳುಗರಿಗೆ ನಮಸ್ಕಾರ. ಕಾರಿನ ಚಕ್ರದ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರನ್ನು ಹೊಸದಾಗಿ ಹಾಕಿದ್ದಾಯಿತು, ಬ್ಲೀಡ್ ಮಾಡಿ, ಅಂದರೆ ಬ್ರೇಕ್ ಆಯಿಲನ್ನು ಹೊರಬಿಡುತ್ತಾ, ಪೈಪಿನ ಗಾಳಿಯನ್ನೂ ತೆಗೆದದ್ದಾಯಿತು. ಆದರೂ ಪೆಡಲ್ ಮೇಲೆ ಕಾಲಿಟ್ಟರೆ ಮೆತ್ತಗೆ ಇಳಿಯುತ್ತದೆ. ಆಗ ಹೆಚ್ಚಿನವರು ಇನ್ನೊಂದು ಬಾಟಲಿ ಬ್ರೇಕ್ ಆಯಿಲ್ ತಂದು ಮತ್ತೆ ಬ್ಲೀಡ್ ಮಾಡಲು ಕೂರುತ್ತಾರೆ. ಸ್ವಲ್ಪ ತಡೆಯಿರಿ. ಪೆಡಲ್ ಮೆತ್ತಗಾಗಲು ಕಾರಣ ಒಂದೇ ಅಲ್ಲ, ಯಾವುದೆಂದು ಕಾಲೇ ಹೇಳುತ್ತದೆ.

ಎಂಜಿನ್ ಆರಿಸಿ, ಪೆಡಲನ್ನು ನಾಲ್ಕಾರು ಸಲ ಬೇಗಬೇಗ ಒತ್ತಿ. ಗಟ್ಟಿಯಾಯಿತೇ ಎಂದು ನೋಡಬೇಡಿ. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರಿನ ನಿರ್ವಾತ ಖಾಲಿಯಾದರೆ ಯಾವ ಪೆಡಲ್ಲಾದರೂ ಗಟ್ಟಿಯಾಗುತ್ತದೆ. ಮೇಲೆ ಬಂತೇ ನೋಡಿ. ಮೇಲೆ ಬಂದರೆ ಒಂದೋ ಪೈಪಿನಲ್ಲಿ ಗಾಳಿ ಉಳಿದಿದೆ, ಇಲ್ಲವೇ ಹಿಂದಿನ ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತಿ ನಿಲ್ಲಿಸುವ ಶೂಗಳು ಸಡಿಲವಾಗಿವೆ. ಶೂ ಸಡಿಲವಿದ್ದರೆ ಎಷ್ಟು ಬ್ಲೀಡ್ ಮಾಡಿದರೂ ವ್ಯರ್ಥ, ಅವನ್ನು ಡ್ರಮ್ಮಿನ ಹತ್ತಿರಕ್ಕೆ ತರುವ ಅಡ್ಜಸ್ಟರ್ ತಿರುಗಿಸಲೇಬೇಕು.

ಇನ್ನು ಗಾಳಿಯ ವಿಚಾರ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ ಎನ್ನಬಹುದು, ಗಾಳಿ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ನಿಮ್ಮ ಕಾಲಿಗೆ ಸ್ಪಂಜಿನಂತೆ ಸಿಗುವುದು. ಗಾಳಿ ಮೇಲಕ್ಕೇರುವುದರಿಂದ, ಅದನ್ನು ಹೊರಬಿಡುವ ಬ್ಲೀಡರ್ ನಿಪ್ಪಲ್ ಕ್ಯಾಲಿಪರಿನ ತುದಿಯಲ್ಲಿ, ಮೇಲ್ಗಡೆಯೇ ಇರಬೇಕು. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಕೂತಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ. ಎಷ್ಟೋ ಕಾರುಗಳಲ್ಲಿ ಅದು ಹಾಗೆಯೂ ಸಲೀಸಾಗಿ ಕೂತುಬಿಡುತ್ತದೆ, ತಪ್ಪು ಕಣ್ಣಿಗೇ ಬೀಳುವುದಿಲ್ಲ. ಆಯಿಲ್ ಧಾರಾಳವಾಗಿ ಹರಿಯುತ್ತದೆ, ಗುಳ್ಳೆ ಮಾತ್ರ ಮೇಲೆ ಕೂತೇ ಇರುತ್ತದೆ. ನನ್ನನ್ನು ಕೇಳಿದರೆ, ಸ್ಪ್ಯಾನರ್ ಎತ್ತುವ ಮೊದಲು ನೋಡಬೇಕಾದದ್ದು ಇದನ್ನೇ.

ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ನಿಧಾನವಾಗಿ ನೆಲಕ್ಕೆ ಇಳಿಯುತ್ತಿದ್ದರೆ ಕಥೆ ಬೇರೆ. ಎಲ್ಲೋ ಸೋರುತ್ತಿದೆ, ಅಥವಾ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಹಳೆಯ ಕಾರಿನಲ್ಲಿ ಬ್ಲೀಡ್ ಮಾಡುವಾಗ ಪೆಡಲನ್ನು ತಳಮುಟ್ಟ ತುಳಿದರೆ, ಎಂದೂ ಬಳಕೆಯಾಗದೆ ತುಕ್ಕು ಕೂತ ಭಾಗಕ್ಕೆ ಸೀಲ್ ಉಜ್ಜಿ ಹರಿಯುವುದುಂಟು. ರಿಪೇರಿಗೆ ಮುಂಚೆ ಚೆನ್ನಾಗಿದ್ದ ಸಿಲಿಂಡರ್ ರಿಪೇರಿಯ ದಿನವೇ ಕೆಡುವುದು ಹೀಗೆ. ಪೆಡಲ್ ಕೆಳಗೊಂದು ಮರದ ತುಂಡು ಇಟ್ಟುಕೊಂಡರೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಹೊರಗೆ ಬಂದ ಆಯಿಲನ್ನು ಮತ್ತೆ ಸುರಿಯಬೇಡಿ; ಅದರಲ್ಲಿ ಸಣ್ಣ ಗುಳ್ಳೆಗಳಿರುತ್ತವೆ, ತೇವವೂ ಸೇರಿರುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ನೋಡಿಯೂ ಪೆಡಲ್ ಮೆತ್ತಗೇ ಇದ್ದರೆ ಗಾಳಿ, ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಘಟಕದೊಳಗೆ ಸಿಕ್ಕಿಕೊಂಡಿರಬಹುದು. ಅನೇಕ ಕಾರುಗಳಲ್ಲಿ ಅಲ್ಲಿನ ವಾಲ್ವ್‌ಗಳನ್ನು ತೆರೆಯಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಅದಕ್ಕಾಗಿ ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಓಡಿಸಿಕೊಂಡು ಬೇಡ. ನಮಸ್ಕಾರ.