ಪಹಣಿಯಲ್ಲಿ ಹೆಸರಿಲ್ಲದವರ ಲೆಕ್ಕ

ಕೇಳುಗರೇ, ನಮಸ್ಕಾರ. ತುಮಕೂರು ಜಿಲ್ಲೆಯ ಪಾವಗಡ ಎಂದರೆ ಈಗ ಎಲ್ಲರಿಗೂ ಮೊದಲು ನೆನಪಾಗುವುದು ಸೋಲಾರ್ ಪಾರ್ಕ್. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಇದರ ಸಾಮರ್ಥ್ಯ 2,050 ಮೆಗಾವ್ಯಾಟ್. ಕಲ್ಲಿದ್ದಲು ಸುಡದೆ ಇಷ್ಟು ವಿದ್ಯುತ್ ತಯಾರಾಗುವುದು ದೊಡ್ಡ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಸುತ್ತಲಿನ ಜನರ ಬದುಕು ಹಸನಾಯಿತೇ ಎಂದು ತಿಳಿಯಲು ಮೆಗಾವ್ಯಾಟ್ ಲೆಕ್ಕ ಸಾಲದು.

ಇಲ್ಲಿ ಸರ್ಕಾರ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಒಣಗುವುದನ್ನು ಮತ್ತೆ ಮತ್ತೆ ಕಂಡ ರೈತನಿಗೆ ಇದು ತಪ್ಪದೆ ಕೈಸೇರುವ ಹಣ. ಹತ್ತು ಎಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷ ಹತ್ತು ಸಾವಿರ. ಎರಡು ಎಕರೆಯವನಿಗೆ ತಿಂಗಳಿಗೆ 3,500 ಮಾತ್ರ. ಏರಿಕೆಯನ್ನೂ ಸ್ವಲ್ಪ ನೋಡೋಣ. ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡ ಗುರಿ ವರ್ಷಕ್ಕೆ ಶೇಕಡ 4. ಬೆಲೆಗಳು ಅಷ್ಟೇ ಏರಿದರೂ 21,000 ರೂಪಾಯಿಯ ಸಾಮಾನಿಗೆ ಎರಡು ವರ್ಷದ ನಂತರ ಸುಮಾರು 22,700 ಬೇಕು. ಗುತ್ತಿಗೆ ಕೊಡುವುದು 22,050. ಗುತ್ತಿಗೆ ಮುಗಿಯುವ ಹೊತ್ತಿಗೆ ಈ ಕೊರತೆ ಬಹಳ ಬೆಳೆದಿರುತ್ತದೆ.

ಇಷ್ಟೆಲ್ಲ ಪಹಣಿಯಲ್ಲಿ ಹೆಸರಿದ್ದವರ ಮಾತು. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣವಿಲ್ಲ. ಹೊಲಗಳ ಸುತ್ತ ಪಾರ್ಕಿನ ಬೇಲಿ ಎದ್ದಾಗ ಅವರು ಹೊರಗೇ ಉಳಿದರು, ಕೆಲಸ ಹೋಯಿತು. ಹುಲ್ಲು ಕತ್ತರಿಸುವುದು, ಫಲಕ ಒರೆಸುವುದು, ಕಾವಲು ಕಾಯುವುದು ಮುಂತಾದ ಕೆಲಸಗಳು ಹುಟ್ಟಿದವು ನಿಜ, ಆದರೆ ಸಾವಿರಾರು ಎಕರೆಯ ಬೇಸಾಯ ಕೊಡುತ್ತಿದ್ದ ಕೂಲಿಗೆ ಅವು ಸಾಟಿಯಲ್ಲ.

ಉತ್ಪಾದನೆಯ ಅಂಕಿಯೊಂದರಿಂದಲೇ ಜನರ ಬದುಕನ್ನು ಅಳೆಯಲಾಗದು ಎಂಬ ವಿಚಾರ ಹೊಸದೇನಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ಅಮೆರಿಕದಲ್ಲಿ ರೂಪಿಸಿದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, ಆ ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಲಾಗದು ಎಂದು 1934ರಲ್ಲೇ ಎಚ್ಚರಿಸಿದ್ದರು. ಫ್ರಾನ್ಸ್ ಸರ್ಕಾರ ನೇಮಿಸಿದ, ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್, ಅಮರ್ತ್ಯ ಸೇನ್, ಜಾನ್‌ಪಾಲ್ ಫಿಟೂಸಿ ಇದ್ದ ಆಯೋಗ 2009ರಲ್ಲಿ ಇನ್ನೂ ಬಿಡಿಸಿ ಹೇಳಿತು: ಉತ್ಪಾದನೆಯನ್ನಷ್ಟೇ ನೋಡಬೇಡಿ, ಮನೆಮನೆಯ ಆದಾಯ, ಅದರ ಹಂಚಿಕೆ, ಸಂಬಳವಿಲ್ಲದ ದುಡಿಮೆ ಎಲ್ಲವನ್ನೂ ನೋಡಿ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಬೇಲಿಯಿಂದಾಗಿ ಮೇವಿಗೋ ಸೌದೆಗೋ ದಾರಿ ಬಳಸಿ ಹೋಗಬೇಕಾದರೆ ಆ ಹೊರೆ ಬೀಳುವುದು ಯಾರ ತಲೆಯ ಮೇಲೆ ಎಂದು ಬೇರೆ ಹೇಳಬೇಕಿಲ್ಲ. ಎಕರೆಗೆ ಇಷ್ಟು ಎಂಬ ಗುತ್ತಿಗೆಯ ಲೆಕ್ಕದಲ್ಲಿ ಅದು ಬರುವುದಿಲ್ಲ.

ಸುಸ್ಥಿರತೆಯ ಪ್ರಶ್ನೆಯನ್ನು ಆ ಆಯೋಗ ಬೇರೆಯಾಗಿಯೇ ಇಟ್ಟಿತು: ಇಂದು ಚೆನ್ನಾಗಿರುವುದು ಒಂದು, ಮುಂದಿನವರಿಗೆ ಏನು ಉಳಿಯುತ್ತದೆ ಎಂಬುದು ಇನ್ನೊಂದು. ಪಾವಗಡದಲ್ಲಿ ಇದರ ಅರ್ಥ ಹೀಗೆ: ಗುತ್ತಿಗೆ ಮುಗಿದಾಗ ಮಣ್ಣು ಬೇಸಾಯಕ್ಕೆ ಒದಗುತ್ತದೆಯೇ, ಬೇಸಾಯ ಬಲ್ಲವರು ಊರಿನಲ್ಲಿ ಉಳಿದಿರುತ್ತಾರೆಯೇ?

2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿದೆ. ಗುತ್ತಿಗೆ ಸ್ವಾಧೀನವಲ್ಲವಾದ್ದರಿಂದ ಆ ಕಟ್ಟುಪಾಡು ಇಲ್ಲಿಗೆ ಬರುವುದಿಲ್ಲ. ಇದು ನನಗೆ ಒಪ್ಪಿಗೆಯಾಗದ ಸಂಗತಿ. ಪಾರ್ಕ್ ವಿಸ್ತರಣೆಯ ಮಾತು ನಡೆದಿದೆ. ಹೊಸ ಹೊಲಕ್ಕೆ ಮೊದಲ ಕಂಬ ನೆಡುವ ಮುನ್ನವೇ ಪಂಚಾಯಿತಿ ಪ್ರತಿ ಮನೆಯ ಕೂಲಿ ದಿನಗಳನ್ನೂ ಕುರಿಗಳನ್ನೂ ನೀರು, ಸೌದೆ, ಮೇವಿಗೆ ಹೋಗುವ ಹೊತ್ತನ್ನೂ ಬರೆದಿಡಬೇಕು. ಪಾರ್ಕ್ ಬಾರದ ನೆರೆಯೂರಿನಲ್ಲೂ ಅದೇ ಪಟ್ಟಿ ಬೇಕು, ಇಲ್ಲದಿದ್ದರೆ ಬದಲಾವಣೆ ಬರದಿಂದಲೋ ಬೇಲಿಯಿಂದಲೋ ತಿಳಿಯದು. ಐದು ವರ್ಷದ ನಂತರ ಅದೇ ಮನೆಗಳಿಗೆ ಹೋಗಿ ಮತ್ತೆ ಬರೆಯಬೇಕು. ಗುತ್ತಿಗೆಯ ಹಣದಲ್ಲಿ ಒಂದು ಪಾಲು ಭೂಮಿಯಿಲ್ಲದ ಮನೆಗಳಿಗೆ ಸಲ್ಲಬೇಕೇ ಎಂದು ಗ್ರಾಮಸಭೆ ಮೊದಲಿನ ಪಟ್ಟಿಗಳನ್ನೂ ಐದು ವರ್ಷದ ನಂತರದ ಪಟ್ಟಿಗಳನ್ನೂ ಮುಂದಿಟ್ಟುಕೊಂಡು ತೀರ್ಮಾನಿಸಲಿ.