ಜೂನ್‌ನಲ್ಲಿ ಕ್ರಿಸ್‌ಮಸ್ ಹಾಡು ಹಾಡಿದರೆ ತಪ್ಪೇನು?

ಹಿನ್ನೆಲೆಯಲ್ಲಿ ಕೇಳಿಸುತ್ತಿರುವುದು ‘ಜಾಯ್ ಟು ದ ವರ್ಲ್ಡ್’. ಹೌದು, ಇದು ಜೂನ್ ತಿಂಗಳು. ಬೇಕಂತಲೇ ಹಾಕಿದ್ದೇನೆ.

ಈ ರಾಗ ಕಿವಿಗೆ ಬಿದ್ದ ಕೂಡಲೇ ಕೇಕು, ನಕ್ಷತ್ರ, ದೀಪದ ಸರ ಎಲ್ಲ ನೆನಪಾಗುತ್ತವೆ, ಅಲ್ವಾ? ಆದರೆ ಒಂದ್ಸಲ ಸುಮ್ನೆ ಸಾಲುಗಳನ್ನು ಓದಿ ನೋಡಿ. ಗೋದಲಿ ಇಲ್ಲ. ಕುರುಬರಿಲ್ಲ. ಯೇಸು ಹುಟ್ಟಿದ ಬೆತ್ಲೆಹೇಮಿನ ಹೆಸರೇ ಇಲ್ಲ. ಇಂಗ್ಲೆಂಡಿನ ಭಕ್ತಿಗೀತೆಕಾರ ಐಸಾಕ್ ವಾಟ್ಸ್ ಬೈಬಲಿನ 98ನೇ ಕೀರ್ತನೆಯನ್ನು ಹಿಡಿದು ಇದನ್ನು ಬರೆದರು, ಪ್ರಕಟವಾಗಿದ್ದು 1719ರಲ್ಲಿ. ಅದರಲ್ಲಿರುವುದು ಕರ್ತನು ಬಂದು ಲೋಕವನ್ನು ಆಳುವ ಸಂಭ್ರಮ, ಹೊಲ, ಪ್ರವಾಹ, ಬೆಟ್ಟ, ಬಂಡೆ ಎಲ್ಲವೂ ದನಿಗೂಡಿಸುವ ಸಂಭ್ರಮ. ಈಗಿನ ರಾಗವನ್ನು ಲೋವೆಲ್ ಮೇಸನ್ ಹೊಂದಿಸಿದ್ದು 1830ರ ದಶಕದಲ್ಲಿ, ಅಂದ್ರೆ ನೂರಕ್ಕೂ ಜಾಸ್ತಿ ವರ್ಷ ಈ ಪದಗಳನ್ನು ಜನ ಬೇರೆ ರಾಗಗಳಲ್ಲಿ ಹಾಡುತ್ತಿದ್ದರು.

ನನಗೆ ಮೂರನೇ ಚರಣವೇ ಇಷ್ಟ. ಪಾಪ, ದುಃಖ ಇನ್ನು ಬೆಳೆಯದಿರಲಿ, ನೆಲದಲ್ಲಿ ಮುಳ್ಳು ಹಬ್ಬದಿರಲಿ ಅನ್ನುವ ಚರಣ. ಹಬ್ಬದ ಗಡಿಬಿಡಿಯಲ್ಲಿ ಎಷ್ಟೋ ಕಡೆ ಅದನ್ನೇ ಹಾರಿಸಿಬಿಡುತ್ತಾರೆ! ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಮತ್ತೆ ಒಟ್ಟಿಗೆ ಕೂತ ದಿನ ಇದನ್ನು ಹಾಡಿದರೆ ಹೇಗಿರುತ್ತದೆ, ಯೋಚಿಸಿ.

ಹಬ್ಬದಾಚೆ ಇದನ್ನು ಹಾಡುವುದಕ್ಕೆ ಇನ್ನೊಂದು ದಾರಿಯೂ ಇದೆ. ಇಂಗ್ಲಿಷಿನಲ್ಲಿ ಇದರ ಸಾಲುಗಳ ಅಳತೆ 8, 6, 8, 6 ಉಚ್ಚಾರಾಂಶ (ಸಿಲೆಬಲ್). ‘ಅಮೇಜಿಂಗ್ ಗ್ರೇಸ್’ ಅನ್ನುವ ಇನ್ನೊಂದು ಭಕ್ತಿಗೀತೆಯದೂ ಅದೇ ಅಳತೆ, ಹಾಗಾಗಿ ಆ ರಾಗದಲ್ಲಿ ಇದನ್ನು ಆರಾಮಾಗಿ ಹಾಡಬಹುದು. ಜನ ಕ್ರಿಸ್‌ಮಸ್ ಅಂತ ಗುರುತು ಹಿಡಿಯುವುದೇ ರಾಗದಿಂದ. ರಾಗ ಬದಲಾದರೆ, ಸ್ವಲ್ಪ ನಿಧಾನಕ್ಕೆ ಹಾಡಿದರೆ, ಪದಗಳು ಮೊದಲ ಸಲ ಕೇಳಿದ ಹಾಗೆ ಕೇಳಿಸುತ್ತವೆ.

ಹಾಗಂತ ಎಲ್ಲವನ್ನೂ ಎಳೆದಾಡಬೇಡಿ. ‘ಸೈಲೆಂಟ್ ನೈಟ್’ ಆ ಒಂದು ರಾತ್ರಿಯದೇ ಹಾಡು, ಅದನ್ನು ಅಲ್ಲೇ ಬಿಡೋಣ. ‘ಅಬೈಡ್ ವಿತ್ ಮಿ’ ಅನ್ನುವ ಭಕ್ತಿಗೀತೆ ಹಾಗಲ್ಲ. ಅದನ್ನು ಬರೆದ ಹೆನ್ರಿ ಲೈಟ್ 1847ರಲ್ಲಿ ಸತ್ತರು, ಅದಕ್ಕೆ ಸ್ವಲ್ಪ ಮುಂಚೆ, ಕಾಯಿಲೆಯಲ್ಲಿದ್ದಾಗ ಇದನ್ನು ಪೂರ್ತಿ ಮಾಡಿದರು ಅಂತ ಹೇಳುತ್ತಾರೆ. ಸಂಜೆಯ ಪ್ರಾರ್ಥನೆಗೆ, ಶವಸಂಸ್ಕಾರಕ್ಕೆ ಅಂತಲೇ ಅಂದುಕೊಂಡಿದ್ದೇವೆ. ಆದರೆ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಎಫ್‌ಎ ಕಪ್‌ನ ಫೈನಲ್‌ನಲ್ಲಿ 1927ರಲ್ಲೇ ಹಾಡಿದರು, ಈಗಲೂ ಹಾಡುತ್ತಾರೆ. ಫುಟ್‌ಬಾಲ್ ಮೈದಾನದಲ್ಲಿ ಸಾವಿನ ಹಾಡು! ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಒಂದು ಕಿವಿಮಾತು. ಚರ್ಚಿನಲ್ಲಿ ಹಾಡುವುದಾದರೆ ಪಾದ್ರಿಗಳಿಗೂ ಕ್ವಾಯರಿನವರಿಗೂ ಮೊದಲೇ ತಿಳಿಸಿ. ಶುರು ಮಾಡುವ ಮುಂಚೆ ಯಾಕೆ ಈ ಹಾಡು ಅಂತ ಎರಡು ಮಾತು ಹೇಳಿ. ಇಲ್ಲಾಂದ್ರೆ ಮೊದಲ ಚರಣ ಮುಗಿಯುವವರೆಗೂ ಎಲ್ಲರೂ ಪಕ್ಕದವರ ಮುಖ ನೋಡುತ್ತಾ ನಿಂತಿರುತ್ತಾರೆ.